ಹರಿದದ್ದರ ಪಾಲು

ಸಭೆ ಹನ್ನೊಂದಕ್ಕೆ. ನಡಾವಳಿ ಬರೆಯುವವಳು ನಾನು,
ಎಂದಿನಂತೆ ಮೇಜಿನ ಕೊನೆಗೆ, ಎಸಿಯ ಕೆಳಗೆ.
ಕಿಟಕಿಯಾಚೆ ಬೈತಖೋಲ. ದಕ್ಕೆಗೆ ಕಟ್ಟಿದ ಹನ್ನೆರಡು ಪರ್ಸೀನ್ ಬೋಟು
ಬಣ್ಣ ಬಿಡುತ್ತಿವೆ; ಬ್ಯಾಂಕಿನವರು ಅಂಟಿಸಿದ ನೋಟೀಸು
ಉಪ್ಪುಗಾಳಿಗೆ ಮೂಲೆ ಎದ್ದು ಪಟಪಟ.

ವಿಷಯ ಸಂಖ್ಯೆ ನಾಲ್ಕು:
ವ್ಯವಸ್ಥಾಪಕ ನಿರ್ದೇಶಕರ ನಿರ್ಗಮನ ಭತ್ಯೆ.
ವೇತನ ಸಮಿತಿಯ ಮೂವರೂ ಹಾಜರು.
ಮೂವರನ್ನೂ ಕರೆತಂದವರು ಅವರೇ;
ಇದನ್ನು ಬರೆಯಲಿಲ್ಲ.
ಚಹಾ ಬಂತು, ಗೋಡಂಬಿ ಬಂತು.

ನನ್ನ ಅಪ್ಪ ರಂಪಣಿಯ ತಾಂಡೇಲ.
ಮಾಜಾಳಿ ದಂಡೆಯಲ್ಲಿ ಅರವತ್ತು ಜನ ಎಳೆದ ಬಲೆ
ಮರಳಿಗೆ ಬಂದು ಬಿದ್ದ ಮೇಲೆ ಹಂಚಿಕೆ:
ದೋಣಿಗಿಷ್ಟು, ಬಲೆಗಿಷ್ಟು, ದೇವರಿಗೊಂದು ಬುಟ್ಟಿ,
ಹಗ್ಗ ಹಿಡಿದವರಿಗೆ ಒಂದೊಂದು ಪಾಲು,
ಗಂಡ ಸತ್ತ ಶೆವಂತಿಬಾಯಿಗೆ ಅರ್ಧ,
ತಾಂಡೇಲನಿಗೆ ಎರಡು.
ಎರಡೇ.
"ನೀರು ಓದುವ ಕಣ್ಣಿಗೆ ಒಂದು ಜಾಸ್ತಿ" ಅನ್ನುತ್ತಿದ್ದ ಅಪ್ಪ,
ಮತ್ತೆ ತುಸು ತಡೆದು,
"ಬಲೆ ಹರಿದ ದಿನ ಹರಿದದ್ದರಲ್ಲೂ ನನಗೆ ಎರಡು."

ಒಂದು ವರ್ಷ ತಿಳಮಾತಿಯ ಬಂಡೆಗೆ ಸಿಕ್ಕಿ ಸೀಳಿತು.
ತಪ್ಪು ಅಪ್ಪನದೇ, ಬೆಳ್ಳಿ ಮಿಂಚು ಕಂಡು ಆಸೆಗೆ ಬಿದ್ದಿದ್ದ.
ನಾಲ್ಕು ತಿಂಗಳು ಹಿತ್ತಿಲಲ್ಲಿ ಕೂತು ಹೆಣೆದ,
ಆಯಿಯ ಬುಗುಡಿ ನೂಲಿನ ಉಂಡೆಯಾಯಿತು.
ದಾರಿಹೋಕರು ಬೇಲಿಯಾಚೆಯಿಂದ ಕೇಳುತ್ತಿದ್ದರು,
"ಏನು ತಾಂಡೇಲ, ಮೀನೆಷ್ಟು?"
ಅವನು ತಲೆ ಎತ್ತುತ್ತಿರಲಿಲ್ಲ.

ನಾಡಕರ್ಣಿ ಸಾಹೇಬರ ಒಪ್ಪಂದ ನಾನೇ ಟೈಪು ಮಾಡಿದ್ದು.
ಟನ್ನು ಏರಿದರೆ ಇಷ್ಟು, ಷೇರು ಏರಿದರೆ ಇಷ್ಟು,
ಎರಡೂ ಏರಿದರೆ ಅದರ ಮೇಲೆ ಮತ್ತಿಷ್ಟು.
ಇಳಿದರೆ? ಆ ಕಲಮೇ ಇರಲಿಲ್ಲ.
ಭರತವನ್ನಷ್ಟೇ ಗುರುತು ಹಾಕಿದ ಪಂಚಾಂಗ,
ಇಳಿತ ಬೇರೆ ಯಾರದೋ ಸಮುದ್ರದ್ದು.

ಕೆಟ್ಟ ಮನುಷ್ಯನಲ್ಲ.
ನನ್ನ ಮಗಳ ಫೀಸಿಗೆ ಅಡ್ವಾನ್ಸು ಕೊಡಿಸಿದವರು.
ಯಾವುದಕ್ಕೆ ದುಡ್ಡೋ ಅದನ್ನು ಮಾಡಿದರು, ಅಷ್ಟೇ.
ಮೊದಲ ವರ್ಷ ನಾಲ್ಕು ಬೋಟು, ಸಾಲದ ಮೇಲೆ.
ಎರಡನೇ ವರ್ಷ ಮತ್ತೆ ಎಂಟು, ಸಾಲದ ಮೇಲಿನ ಸಾಲ.
ಬೆರಳುದ್ದದ ತಾರ್ಲಿ ಮರಿಯನ್ನೂ ಬಾಚಿ
ಎಣ್ಣೆ ಮಿಲ್ಲಿಗೆ ಸುರಿದರು;
ತಕ್ಕಡಿಗೆ ಮರಿಯೂ ತೂಕವೇ.
ಮಾರ್ಚಿಗೆ ಬೋನಸ್ಸು.
ಮೂರನೇ ವರ್ಷ ತಾರ್ಲಿ ಬರಲಿಲ್ಲ.

ದುಡ್ಡು ಯಾರದೋ, ಯಲ್ಲಮ್ಮನ ಜಾತ್ರೆ, ಎಂದು
ಐಸು ಒಡೆಯುವ ಪುರ್ಸು ದಕ್ಕೆಯಲ್ಲಿ ಗಟ್ಟಿಯಾಗಿಯೇ ಅಂದ.
ಅವನ ಪಿ.ಎಫ್. ಕಟ್ಟದೆ ಹದಿನಾಲ್ಕು ತಿಂಗಳು.
ಕೇಳಿಸದವಳಂತೆ ನಾನು ಬಿಲ್ಲು ಎಣಿಸಿದೆ.

ಹನ್ನೊಂದೂ ನಲವತ್ತಕ್ಕೆ ಸಮಿತಿಯ ಹಿರಿಯರು, ಪಡಿಯಾರರು,
ಕನ್ನಡಕ ಒರೆಸುತ್ತ, "ಗಾಳಿ, ನೀರು, ಮೀನು
ಇವೆಲ್ಲ ಅವರ ಕೈಯಲ್ಲಿಲ್ಲವಲ್ಲ" ಎಂದರು.
ನಿಜ. ಮೀನು ಬಂದಾಗಲೂ ಇರಲಿಲ್ಲ.
ಇದನ್ನೂ ಬರೆಯಲಿಲ್ಲ.
ಒಪ್ಪಂದದ ಪ್ರಕಾರ, ಎಂದು ಬರೆದೆ.
ಒಂದು ಕೋಟಿ ಎಂಬತ್ತು ಲಕ್ಷ,
ಅಂಕಿಯಲ್ಲೊಮ್ಮೆ, ಅಕ್ಷರದಲ್ಲೊಮ್ಮೆ.
ಸರ್ವಾನುಮತದಿಂದ.

ಹೊರಡುವ ಮುನ್ನ ಸಾಹೇಬರು ಕಿಟಕಿಗೆ ಬಂದು ನಿಂತರು.
"ಆ ಕೊನೆಯ ಬೋಟಿನ ಹೆಸರೇನು, ಸುಲಭಾ?"
ತೆಂಗಿನಕಾಯಿ ಒಡೆದು ನೀರಿಗಿಳಿಸಿದ್ದು ಅವರೇ.
ಹೇಳಿದೆ.
"ಹೌದಲ್ಲ" ಎಂದರು,
ಮೊಬೈಲು ನೋಡಿಕೊಂಡರು.

ಎರಡನೇ ವರ್ಷದ ಮಾರ್ಚಿಗೆ ನನಗೂ ಬಂದಿತ್ತು
ಒಂದು ತಿಂಗಳ ಸಂಬಳದಷ್ಟು. ಫ್ರಿಜ್ಜು ಕೊಂಡೆ.
ರಾತ್ರಿಯೆಲ್ಲ ಅದು ಗುಂಯ್‌ಗುಡುತ್ತದೆ.
ಒಳಗೆ ಅರ್ಧ ಕಿಲೋ ಬಂಗಡೆ,
ಮಲ್ಪೆಯಿಂದ ಲಾರಿಯಲ್ಲಿ ಬಂದದ್ದು.
ಅಪ್ಪ ಇದ್ದಿದ್ದರೆ ಕಿವಿರು ಎತ್ತಿ ನೋಡಿ
ಎಷ್ಟು ದಿನದ್ದೆಂದು ಹೇಳುತ್ತಿದ್ದ,
ಆಮೇಲೆ ಕೈ ತೊಳೆಯುತ್ತ, ಸುಮ್ಮನೆ ಕೇಳುವವನಂತೆ,
ಹರಿದದ್ದರಲ್ಲಿ ನಿನಗೆಷ್ಟು ಬಂತು, ಮಗಾ?